ಪದ ಬೇಕಿದೆ: ಡ್ರಗ್ ರೆಸಿಸ್ಟೆನ್ಸ್‌ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ. ಕ್ಯಾನ್ಸರ್ ವಾರ್ಡಿನಲ್ಲಿ ರೋಗಿಗಳ ಮನೆಯವರಿಗೆ ಹಂಚುವ ನಾಲ್ಕು ಪುಟದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ.

ಮೊದಮೊದಲು ಕೆಲಸ ಮಾಡಿದ ಕಿಮೋ (ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ಕೊಡುವ ಮದ್ದು) ಆಮೇಲೆ ಕೆಲಸ ಮಾಡದೆ ಹೋಗುವುದಕ್ಕೆ ನಾನು 'ಔಷಧ ನಿರೋಧಕತೆ' ಎಂದು ಹಾಕಿದ್ದೆ. ಕರಡನ್ನು ಒಬ್ಬ ತಾಯಿಗೆ ಓದಿ ಹೇಳಿದೆ. "ನಿರೋಧಕ ಶಕ್ತಿ ಬಂದಿದೆ ಅಂದ್ರೆ ಒಳ್ಳೇದೇ ಅಲ್ವಾ?" ಅಂದರು. ಅವರ ಕಿವಿಗೆ ಬಿದ್ದದ್ದು ರೋಗನಿರೋಧಕ ಶಕ್ತಿ. ಆ ಪದವನ್ನು ಅಲ್ಲೇ ಹೊಡೆದು ಹಾಕಿದೆ.

ಹೇಳಬೇಕಾದ ವಿಷಯ ಇದು. ಕೆಲವು ಕ್ಯಾನ್ಸರ್ ಕೋಶಗಳ ಹೊರಪೊರೆಯಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪ್ ಜಾಸ್ತಿ ಇರುತ್ತದೆ. ಒಳಗೆ ಬಂದ ಮದ್ದನ್ನು ಅದು ಹೊರಗೆ ದಬ್ಬುತ್ತದೆ. ಒಂದನ್ನಲ್ಲ, ಹಲವನ್ನು. ಕಾಶಿಕಣಗಿಲೆ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್, ಯೂ ಮರದಿಂದ ಬಂದ ಟ್ಯಾಕ್ಸಾಲ್, ಈ ಎರಡು ಕಿಮೋ ಮದ್ದುಗಳೂ ಅದರ ಪಾಲಿಗೆ ಒಂದೇ. ಈ ಪಂಪನ್ನು ತಡೆಯುವ ವಸ್ತುಗಳನ್ನೂ ಈಗ ಗಿಡಗಳಲ್ಲೇ ಹುಡುಕುತ್ತಿದ್ದಾರೆ: ಅರಿಸಿನದ ಕರ್ಕ್ಯುಮಿನ್, ಕಾಳುಮೆಣಸಿನ ಪೈಪರಿನ್, ಈರುಳ್ಳಿಯ ಕ್ವೆರ್ಸೆಟಿನ್. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಫಲ ಕಂಡಿದೆ. ರೋಗಿಗಳಲ್ಲಿ ಸಾಬೀತಾಗಿಲ್ಲ. ಇಂಥ ವಸ್ತುಗಳಿಗೂ ಒಂದು ಹೆಸರು ಕೊಡಿ. 'ಸಸ್ಯಜನ್ಯ ಸಂಯುಕ್ತ' ಬೇಡ.

*ಧಾರವಾಡದಿಂದ:*
ಔಷಧ ಪ್ರತಿರೋಧ. ಆಗಲೇ ಬಳಕೆಯಲ್ಲಿದೆ. ಹೊಸದು ಯಾಕೆ?

*ಪುತ್ತೂರಿನಿಂದ:*
ಬಳಕೆ ಎಲ್ಲಿ? ಪತ್ರಿಕೆಯಲ್ಲಿ. ಮನೆಯಲ್ಲಿ ನಾವು "ಮದ್ದು ನಾಟಲಿಲ್ಲ" ಅನ್ನುತ್ತೇವೆ. ಅದಕ್ಕಿಂತ ಚೆನ್ನಾದ ಮಾತು ಇನ್ನೇನು ಬೇಕು? ನೆಡು, ನಾಟು ಒಂದೇ ಬೇರಿನವು. ಬಾಣ ನಾಟುತ್ತದೆ, ಪೈರು ನಾಟುತ್ತೇವೆ, ಮಾತು ಮನಸ್ಸಿಗೆ ನಾಟುತ್ತದೆ. ಹೊರಗಿನದು ಒಳಹೊಕ್ಕು ನೆಲೆ ನಿಲ್ಲಬೇಕು, ಆಗಲೇ ನಾಟಿತು ಅನ್ನುವುದು. ನಿಮ್ಮ ಪಂಪ್ ಮಾಡುವುದು ಇದರ ತಿರುಗುಮುರುಗು: ಒಳಹೊಕ್ಕದ್ದನ್ನು ನಿಲ್ಲಲು ಬಿಡುವುದಿಲ್ಲ. 'ಮದ್ದು ನಾಟದಿರುವುದು' ಎಂದು ಹಾಕಿ, ಮುಗಿಯಿತು.

*ಧಾರವಾಡದಿಂದ:*
ಅದೇ ಪುಟದಲ್ಲಿ 'ನಾಟಿ ಮದ್ದು' ಬರುವುದಿಲ್ಲವೇ? ಅದು ನಾಡಿನಿಂದ ಬಂದ ನಾಟಿ, ನಿಮ್ಮದು ಬೇರೆ. ಓದುವವರಿಗೆ ಎರಡೂ ಕಲಸಿಹೋಗುತ್ತವೆ. ಪಂಡಿತರಿಗೆ ಬೇರು ಗೊತ್ತಿದ್ದರೆ ಸಾಲದು.

*ಮೈಸೂರಿನಿಂದ:*
ನಿರೋಧ, ಪ್ರತಿರೋಧ ಎರಡೂ ಸಂಸ್ಕೃತದ ಸಾಲ. ಮೊದಲು ಕ್ಯಾನ್ಸರ್ ಅನ್ನುವುದನ್ನು ಬಿಡಿ. ಏಡಿಹುಣ್ಣು ಎಂಬ ಅಚ್ಚಗನ್ನಡದ ಪದ ಇದೆ. ಜೀವಕೋಶಕ್ಕೆ 'ಸೂಲುಗೂಡು' ಇದೆ. ಹೊರಗಿನ ಪದ ತಂದಷ್ಟೂ ನಮ್ಮ ಪದ ಕಟ್ಟುವ ಕಸುವು ಕುಂದುತ್ತದೆ.

*ಬೆಂಗಳೂರಿನಿಂದ:*
ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಅಲ್ಲಿ ವಿನ್‌ಕ್ರಿಸ್ಟಿನ್ ಜಾಸ್ತಿ ಹೋಗುವುದು ರಕ್ತದ ಕ್ಯಾನ್ಸರ್‌ಗೆ. ಅಲ್ಲಿ ಹುಣ್ಣು ಎಲ್ಲಿದೆ? ಹುಣ್ಣು ಅಂದರೆ ಮನೆಯವರು ಮೈಯೆಲ್ಲ ಹುಡುಕುತ್ತಾರೆ. ಕ್ಯಾನ್ಸರ್ ಅನ್ನುವುದು ಹಳ್ಳಿಯ ಅಜ್ಜಿಗೂ ಗೊತ್ತು. ಬಿಟ್ಟುಬಿಡಿ.

ಕಾಶಿಕಣಗಿಲೆಯ ಮೂಲ ಮಡಗಾಸ್ಕರ್. ಗಿಡ ಹೊರಗಿನಿಂದ ಬಂತು, ಕನ್ನಡದ ಹೆಸರು ಪಡೆಯಿತು, ಈಗ ಎಲ್ಲರ ಅಂಗಳದಲ್ಲಿದೆ. ಪದವೂ ಹಾಗೇ ಬಂದರೆ ಕನ್ನಡ ಕೆಡುವುದಿಲ್ಲ.

ಇನ್ನೊಂದು ಮಾತು. ದಯವಿಟ್ಟು 'ಗಿಡಮೂಲಿಕೆ' ಅಂತ ಮಾತ್ರ ಹಾಕಬೇಡಿ. ಅದನ್ನು ಓದಿದ ದಿನವೇ ಮನೆಯಲ್ಲಿ ಕಷಾಯ ಕುದಿಯುತ್ತದೆ. ನಮ್ಮ ಬೆಂಗಳೂರಿನಲ್ಲೇ ಮಾಡಿ 1998ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. 2 ಗ್ರಾಂ ಕರ್ಕ್ಯುಮಿನ್ ಜೊತೆ ಬರೀ 20 ಮಿಲಿಗ್ರಾಂ ಪೈಪರಿನ್ ಕೊಟ್ಟರು. ಮೈಗೆ ಸೇರಿದ ಕರ್ಕ್ಯುಮಿನ್ 2000% ಏರಿತು. ಅರಿಸಿನ, ಮೆಣಸು ಒಳ್ಳೆಯ ಜೋಡಿ ಎಂದು ಜನ ಇದನ್ನು ಹೇಳಿಕೊಂಡು ಓಡಾಡುತ್ತಾರೆ. ನನಗೆ ಭಯ ಹುಟ್ಟಿಸುವುದೂ ಅದೇ. ಪೈಪರಿನ್ ಬೇರೆ ಮದ್ದುಗಳ ಮಟ್ಟವನ್ನೂ ಏರಿಸಬಲ್ಲದು. ಕಿಮೋ ಲೆಕ್ಕ ಹಾಕಿ ಕೊಡುವುದು. ಸುಮ್ನೆ ಪೈಪರಿನ್ ಮಾತ್ರೆ ತಂದು ನುಂಗಿಸಿದರೆ ಆ ಲೆಕ್ಕ ತಪ್ಪಬಹುದು.

*ಮೈಸೂರಿನಿಂದ:*
ಇದು ವೈದ್ಯಕೀಯದ ಮಾತಾಯಿತು. ಪದದ ಮಾತಲ್ಲ.

*ಬೆಂಗಳೂರಿನಿಂದ:*
ಇಲ್ಲಿ ಎರಡೂ ಒಂದೇ.

*ಕೇಳಿದವಳಿಂದ:*
ಎಲ್ಲರಿಗೂ ವಂದನೆ. 'ನಾಟಲಿಲ್ಲ' ನನಗೆ ತುಂಬಾ ಹಿಡಿಸಿತು. ಇವತ್ತು ಅದೇ ತಾಯಿಗೆ ಓದಿ ಹೇಳಿದೆ. ತಕ್ಷಣ ಅರ್ಥವಾಯಿತು. ಆದರೆ ಅವರು ಕೇಳಿದ ಪ್ರಶ್ನೆ: "ನಮ್ಮ ಹುಡುಗನ ಮೈಗೆ ನಾಟಲಿಲ್ವಾ? ಅವನ ಮೈಯೇ ಸರಿ ಇಲ್ವಾ?" ಇಲ್ಲಿ ಪದ ಕೈಕೊಟ್ಟಿತು. ತಪ್ಪು ಮೈಯದಲ್ಲ, ಆ ಕೋಶದ್ದು. ಕನ್ನಡದ ವಾಕ್ಯದಲ್ಲಿ ಮಾಡುವವರು ಯಾರು ಅನ್ನುವುದು ಕಾಣಲೇಬೇಕು.

ಹಾಗಾಗಿ 'ಮದ್ದಿಗೆ ಬಗ್ಗದ ಕ್ಯಾನ್ಸರ್ ಕೋಶ' ಎಂದು ಇಡುತ್ತಿದ್ದೇನೆ. ಬಗ್ಗದೆ ನಿಂತದ್ದು ಯಾವುದು ಎಂದು ಅಲ್ಲೇ ಗೊತ್ತಾಗುತ್ತದೆ. ಹಲವು ಮದ್ದುಗಳ ಸಂಗತಿ ಬಂದಾಗ 'ಹಲವು ಮದ್ದಿಗೂ ಬಗ್ಗದ'. ಒಳಗಿನ ವಿವರಣೆಯಲ್ಲಿ ಒಂದು ಕಡೆ 'ಮದ್ದು ನಾಟಲು ಬಿಡುವುದಿಲ್ಲ' ಇರುತ್ತದೆ, ಪುತ್ತೂರಿನವರ ಋಣ. ಗಿಡದ ವಸ್ತುಗಳಿಗೆ 'ಗಿಡದಿಂದ ಬೇರ್ಪಡಿಸಿದ ರಾಸಾಯನಿಕ'. ಉದ್ದವಾಯಿತು, ಗೊತ್ತು. ರಾಸಾಯನಿಕ ಅನ್ನುವುದು ಕಣ್ಣಿಗೆ ಬೀಳಲಿ ಎಂದೇ ಹಾಗೆ ಇಟ್ಟೆ.

ಧಾರವಾಡದವರಿಗೆ: ಡಾಕ್ಟರುಗಳ ಕಡತದಲ್ಲಿ ಪ್ರತಿರೋಧ ಇರಲಿ, ಜಗಳವಿಲ್ಲ. ಏಡಿಹುಣ್ಣಿಗೆ ದಯವಿಟ್ಟು ಬೇರೆ ಎಳೆ ತೆರೆಯಿರಿ. ನಾನು ಬೆಳಿಗ್ಗೆ ಹತ್ತಕ್ಕೆ ಪ್ರೂಫ್ ಕೊಡಬೇಕು.