ಹವಳದ ದಿಬ್ಬದ ಮೀನನ್ನು ನಂಬಬಹುದೇ?

ಪ್ರಶ್ನೆ: ಕಾರವಾರದ ಬೈತಖೋಲದಲ್ಲಿ ಕಿವಿರಿನ ಬಣ್ಣ ನೋಡಿ ಬಾಂಗಡೆ ಆರಿಸುತ್ತ ಬೆಳೆದವನು ನಾನು. ಜೂನ್‌ನಲ್ಲಿ ಗೆಳೆಯರ ಹಾಯಿದೋಣಿಯಲ್ಲಿ ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಶಿಯಾದ ತುವಾಮೋಟು ಹವಳದ ದ್ವೀಪಗಳಿಗೆ ಹೋಗಲಿದ್ದೇನೆ. ಅಲ್ಲಿ ಗಾಳಕ್ಕೆ ಸಿಕ್ಕ ಮೀನಿಗೂ ಇದೇ ಪರೀಕ್ಷೆ ಸಾಕೇ?

ಉತ್ತರ 1: ಖಂಡಿತ ಸಾಲದು. ಹವಳದ ದಿಬ್ಬದ ಪಾಚಿಗೆ ಅಂಟಿಕೊಂಡಿರುವ ಸೂಕ್ಷ್ಮಜೀವಿಯೊಂದರ ವಿಷವು ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ ಸಾಗುತ್ತ ಹೆಚ್ಚುತ್ತದೆ. ಇದರಿಂದ ಬರುವ ಕಾಯಿಲೆಯೇ ಸಿಗ್ವಾಟೆರಾ. ಮೀನಿನ ರುಚಿ, ವಾಸನೆ ಕೆಡುವುದಿಲ್ಲ. ಹುರಿದರೂ, ಮಂಜುಗಡ್ಡೆಯಲ್ಲಿಟ್ಟರೂ ವಿಷ ಹೋಗುವುದಿಲ್ಲ. ನಾನೊಮ್ಮೆ ತಿಂದು, ತಣ್ಣೀರು ಮುಟ್ಟಿದರೆ ಬೆರಳು ಸುಟ್ಟಂತಾಗುವ ವಿಚಿತ್ರ ಬಾಧೆಯನ್ನು ಎರಡು ವಾರ ಅನುಭವಿಸಿದೆ.

ಉತ್ತರ 2: ಒಂದು ದ್ವೀಪದಲ್ಲಿ ನಿರಪಾಯವಾದ ಜಾತಿಯೇ ಪಕ್ಕದ ದ್ವೀಪದಲ್ಲಿ ವಿಷವಾಗಿರಬಹುದಾದ್ದರಿಂದ, ಅಲ್ಲಿನ ಮೀನುಗಾರರನ್ನು ಕೇಳದೆ ಒಲೆ ಹಚ್ಚಬೇಡಿ. ದೊಡ್ಡ ಬೇಟೆಗಾರ ಮೀನಾದ ಬರಾಕುಡಾ ಬೇಡವೇ ಬೇಡ. ತೆರೆದ ಕಡಲಿನ ಟ್ಯೂನಾಕ್ಕೆ ಈ ಭಯ ತೀರ ಕಡಿಮೆ, ಆದರೆ ಹಿಡಿದ ಕೂಡಲೇ ತಂಪಿನಲ್ಲಿಡಿ.

ಪ್ರಶ್ನೆ ಕೇಳಿದವರು: ಹಾಗಾದರೆ ಆಯಿ ಕಟ್ಟಿಕೊಡುವ ಮೀನು ಸಾರಿನ ಮಸಾಲೆ ಜುಮ್ಮನಕಾಯಿ ಟ್ಯೂನಾಕ್ಕೇ ಮೀಸಲು.