ಹೆರಕದ (ಆರಿಸಿ ಬೇರೆ ಮಾಡದ) ಚಾಲಿ (ಒಣಗಿಸಿ ಸುಲಿದ ಅಡಿಕೆ) ಕೊಂಡು ದರ್ಜೆ ಮಾಡಿ ಮಾರಿದರೆ ಲಾಭ ನೋಡುವುದು ಹೇಗೆ?

ಪೆರ್ಲದ ಅಂಗಡಿ:
10 ಗೋಣಿ, 600 ಕಿಲೋ ಮಿಶ್ರ ಚಾಲಿ ಅಡಿಕೆ, ಕಿಲೋಗೆ 380ರಂತೆ ಕೊಂಡದ್ದು. ಹೆರಕುವ ಕೂಲಿ, ಬಾಡಿಗೆ ಸೇರಿ 4,500. ಮಾರಿದ್ದು: ಒಳ್ಳೆಯ ಚಾಲಿ 430 ಕಿಲೋ (ಕಿಲೋಗೆ 430 ರೂ.), ಅದಕ್ಕಿಂತ ಕೆಳಗಿನ ದರ್ಜೆಗಳಾದ ಪಟೋರ 90 ಕಿಲೋ (330), ಉಳ್ಳಿ 50 ಕಿಲೋ (240), ಕರಿಗೋಟು 18 ಕಿಲೋ (180). 12 ಕಿಲೋ ಕಡಿಮೆ ಬಂತು. ಒಳ್ಳೆಯದರಲ್ಲೇ ಕಿಲೋಗೆ 50 ಉಳಿದಿದೆ, ಅಂದರೆ 21,500. ಮತ್ತೆ ಪೆಟ್ಟಿಗೆಯಲ್ಲಿ ಹಣ ಯಾಕಿಲ್ಲ? ನಾಲ್ಕು ದರದ ಸರಾಸರಿ ತೆಗೆದರೆ 295 ಬರುತ್ತದೆ, ಅದೂ ಸರಿ ಕಾಣುವುದಿಲ್ಲ.

ಬದಿಯಡ್ಕ ಲೆಕ್ಕ:
295 ಬಿಟ್ಟುಬಿಡಿ ಮಾರಾಯ್ರೇ. 18 ಕಿಲೋ ಕರಿಗೋಟಿಗೂ 430 ಕಿಲೋ ಚಾಲಿಗೂ ಒಂದೇ ಬೆಲೆ ಕೊಟ್ಟ ಲೆಕ್ಕ ಅದು. ಪ್ರತಿ ದರ್ಜೆಯ ತೂಕವನ್ನು ಅದರ ದರದಿಂದ ಗುಣಿಸಿ ಕೂಡಿಸಿ: 1,84,900 + 29,700 + 12,000 + 3,240 = 2,29,840. ಖರ್ಚು 2,28,000 + 4,500 = 2,32,500. ನಷ್ಟ 2,660, ಹಾಕಿದ ಹಣಕ್ಕೆ ಶೇ. 1.14.

ನಿಮ್ಮ 21,500 ಹೋದ ದಾರಿ: ಪಟೋರದಲ್ಲಿ 4,500, ಉಳ್ಳಿಯಲ್ಲಿ 7,000, ಕರಿಗೋಟಿನಲ್ಲಿ 3,600, ಇಲ್ಲದ 12 ಕಿಲೋಗೆ 4,560, ಮೇಲಿನ ಖರ್ಚು 4,500.

ಇದೇ ಪಾಲು ಬರುವ ಮಾಲಿಗೆ ಅಸಲು ಮುಟ್ಟುವ ದರ (2,29,840 − 4,500) ÷ 600 = 375.57. ಹಾಕಿದ ಹಣಕ್ಕೆ ಶೇ. 2 ಉಳಿಯಬೇಕಾದರೆ 368ರ ಮೇಲೆ ಹೋಗಬೇಡಿ. ಕೊಳ್ಳುವ ಮೊದಲು ಗೋಣಿಯ ಮೇಲೆ, ನಡು, ಅಡಿ ಮೂರೂ ಕಡೆಯಿಂದ ತೆಗೆದು 5 ಕಿಲೋ ಹೆರಕಿ ತೂಗಿ. ಬರೇ ಬಾಯಿ ಬಿಚ್ಚಿ ನೋಡಿದರೆ ಮೇಲಿನದ್ದು ಯಾವಾಗಲೂ ಚಂದವೇ! ಒಟ್ಟು ಮಾಲಿನ ಶೇ. 1 ಒಳ್ಳೆಯದರಿಂದ ಉಳ್ಳಿಗೆ ಇಳಿದರೂ 6 × 190 = 1,140 ಹೋಯಿತು.

ಕುಂಬಳೆ 2:
ಒಟ್ಟು ಲೆಕ್ಕ ಸರಿ. ಆದರೆ ಮಾಲು ಸ್ವಲ್ಪ ಉಳಿದಿದ್ದರೆ ಎಲ್ಲಕ್ಕೂ 380 ಅಸಲು ಹಾಕುವಂತಿಲ್ಲ. ಕರಿಗೋಟನ್ನು 380ಕ್ಕೆ ಯಾರೂ ಕೊಳ್ಳುವುದಿಲ್ಲವಲ್ಲ. ಅಸಲನ್ನು ಮಾರಾಟದ ಮೌಲ್ಯದ ಪ್ರಕಾರ ಹಂಚಿ: 2,32,500 ÷ 2,29,840 = 1.01157. ಇದರಿಂದ ಪ್ರತಿ ದರವನ್ನು ಗುಣಿಸಿದರೆ ಕಿಲೋಗೆ ಚಾಲಿಯ ಅಸಲು 434.98, ಪಟೋರ 333.82, ಉಳ್ಳಿ 242.78, ಕರಿಗೋಟು 182.08. ಉಳಿದ ಮಾಲಿಗೆ ಪುಸ್ತಕದಲ್ಲಿ ಬರೆಯುವಾಗ ಪೇಟೆಯ ದರ ಇದಕ್ಕಿಂತ ಕೆಳಗಿದ್ದರೆ ಪೇಟೆಯದ್ದನ್ನೇ ಹಿಡಿಯಿರಿ. ಬಿಲ್ಲಿನ ಜಿಎಸ್‌ಟಿಯನ್ನು ಮಾರಾಟದ ಹಣಕ್ಕೆ ಸೇರಿಸಬೇಡಿ.

ಇನ್ನೊಂದು: ಆ 12 ಕಿಲೋ ಪೂರ್ತಿ ಒಣಗಿ ಹೋದದ್ದೋ? ಕೊಳ್ಳುವಾಗ ಗೋಣಿಯ ತೂಕ ಕಳೆದಿದ್ದೀರಾ?

ಪೆರ್ಲದ ಅಂಗಡಿ:
ಕಳೆದಿಲ್ಲ. ಈಗ ಖಾಲಿ ಗೋಣಿ ತೂಗಿದೆ, ಒಂದೊಂದು ಮುಕ್ಕಾಲು ಕಿಲೋ.

ಕುಂಬಳೆ 2:
ಹಾಗಾದರೆ ಏಳೂವರೆ ಕಿಲೋ ಸೆಣಬಿಗೆ 380ರಂತೆ 2,850 ಕೊಟ್ಟಿದ್ದೀರಿ. ಗೋಣಿಯ ತೂಕ ಕಳೆದು ಹಣ ಕೊಟ್ಟಿದ್ದರೆ 2,660 ನಷ್ಟದ ಬದಲು 190 ರೂಪಾಯಿ ಲಾಭ ಇರುತ್ತಿತ್ತು.