ಮರ ಕೆತ್ತುವ ಲೇಸರ್ ಸುಡುತ್ತದೆ, ಕಣ್ಣಿನ ಚಿಕಿತ್ಸೆಯ ಲೇಸರ್ ಏಕೆ ಸುಡುವುದಿಲ್ಲ?

ಪ್ರಶ್ನೆ: ಶಿರಸಿಯ ಮರಗೆಲಸದವ
ಸಾಗವಾನಿ ಹಲಗೆಗಳ ಮೇಲೆ ಮನೆಯ ಹೆಸರು ಕೆತ್ತಲು ನಮ್ಮ ಅಂಗಡಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಯಂತ್ರವಿದೆ. ಅಕ್ಷರದ ಅಂಚೆಲ್ಲ ಕಪ್ಪಾಗುತ್ತದೆ. ಪಾಲಿಶ್ ಕಾಗದದಿಂದ ಎಷ್ಟು ಉಜ್ಜಿದರೂ ಸುಟ್ಟ ವಾಸನೆ ಉಳಿಯುತ್ತದೆ. ಮೊನ್ನೆ ತಂಗಿಯ ಕನ್ನಡಕ ಬಿಡಿಸಲು ಚಿಕಿತ್ಸೆಯಾದಾಗ, ಲೇಸರ್ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆಯ) ಮೇಲ್ಮೈಯನ್ನು ದಾಟಿ ಒಳಗಿನ ಪದರವನ್ನಷ್ಟೇ ಬಿಡಿಸಿತೆಂದು ವೈದ್ಯರು ಹೇಳಿದರು. ಮೇಲೆ ಏನೂ ಆಗದೆ ಒಳಗೆ ಕತ್ತರಿಸುವುದು ಹೇಗೆ?

ಉತ್ತರ: ಕಾರವಾರದ ಭೌತಶಾಸ್ತ್ರ ಮಾಸ್ತರ
ಅದು ಫೆಮ್ಟೊಸೆಕೆಂಡ್ ಲೇಸರ್, ಅಂದರೆ ಬೆಳಕನ್ನು ಅತಿ ಚಿಕ್ಕ ಮಿಡಿತಗಳಾಗಿ ಹೊಮ್ಮಿಸುವ ಲೇಸರ್. ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಭಾಗವೇ ಒಂದು ಫೆಮ್ಟೊಸೆಕೆಂಡ್. ಅಷ್ಟರಲ್ಲಿ ಬೆಳಕು ಕ್ರಮಿಸುವುದು 0.3 ಮೈಕ್ರೋಮೀಟರ್ ಮಾತ್ರ. ಲೋಹದ ಮೇಲೆ ಇಂಥ ಮಿಡಿತ ಬಿದ್ದಾಗ ಶಕ್ತಿಯನ್ನು ಮೊದಲು ಎಲೆಕ್ಟ್ರಾನುಗಳು ಹೀರುತ್ತವೆ. ಅವು ಅದನ್ನು ಪರಮಾಣುಗಳಿಗೆ ದಾಟಿಸಲು ಕೆಲವು ಪಿಕೊಸೆಕೆಂಡುಗಳು (ಒಂದು ಪಿಕೊಸೆಕೆಂಡ್ ಎಂದರೆ ಸಾವಿರ ಫೆಮ್ಟೊಸೆಕೆಂಡ್) ಬೇಕು, ಅಷ್ಟರೊಳಗೆ ಮಿಡಿತವೇ ಮುಗಿದಿರುತ್ತದೆ. ಬಿಸಿ ಸುತ್ತ ಹರಡುವ ಮೊದಲೇ ಆ ಚೂರು ಪದಾರ್ಥ ಸಿಡಿದು ಹೋಗುವುದರಿಂದ ಅಂಚು ಕರಕಲಾಗುವುದಿಲ್ಲ.

ಪಾರದರ್ಶಕ ವಸ್ತುವಿನ ಕಥೆ ಇನ್ನೂ ಸ್ವಾರಸ್ಯಕರ. ಶುದ್ಧ ಸಿಲಿಕಾ ಗಾಜಿನಲ್ಲಿ ಎಲೆಕ್ಟ್ರಾನನ್ನು ಬಿಡಿಸಲು ಸುಮಾರು 9 ಎಲೆಕ್ಟ್ರಾನ್ ವೋಲ್ಟ್ (ಸೂಕ್ಷ್ಮ ಕಣಗಳ ಶಕ್ತಿಯ ಅಳತೆ) ಬೇಕು. 800 ನ್ಯಾನೊಮೀಟರ್ ಬೆಳಕಿನ ಒಂದು ಫೋಟಾನಿನ (ಬೆಳಕಿನ ಕಣದ) ಬಳಿ ಇರುವುದು 1.55 ಮಾತ್ರ. ಆರು ಫೋಟಾನುಗಳನ್ನು ಒಟ್ಟಿಗೇ ಹೀರಿದರೆ ಮಾತ್ರ ಕೆಲಸವಾದೀತು. ಇಂಥ ಹೀರಿಕೆಯು ತೀವ್ರತೆಯ ಆರನೇ ಘಾತವನ್ನು ಅನುಸರಿಸುವುದರಿಂದ, ತೀವ್ರತೆ ಅರ್ಧಕ್ಕಿಳಿದರೆ ಹೀರಿಕೆ 64ರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಆದ್ದರಿಂದ ಮೇಲ್ಮೈಯಲ್ಲಿ ಹರಡಿಕೊಂಡಿರುವ ಬೆಳಕು ಸುಮ್ಮನೆ ಒಳಹೊಕ್ಕು, ಮಸೂರವು ಅದನ್ನು ಕೂಡಿಸುವ ಬಿಂದುವಿನಲ್ಲಿ ಮಾತ್ರ ಪ್ಲಾಸ್ಮಾ (ಎಲೆಕ್ಟ್ರಾನುಗಳು ಬಿಡಿಯಾದ ಸ್ಥಿತಿ) ಹುಟ್ಟಿಸುತ್ತದೆ. ಕಾರ್ನಿಯಾದಲ್ಲಿಯೂ ಹೀಗೆಯೇ ಸೂಕ್ಷ್ಮ ಗುಳ್ಳೆಗಳು ಸಾಲುಗಟ್ಟಿ ಪದರವನ್ನು ಬಿಡಿಸುತ್ತವೆ.

ಕುಮಟಾದ ವಿದ್ಯಾರ್ಥಿ
ಮಾಸ್ತರರೇ, ಅಷ್ಟು ತೀವ್ರತೆಗೆ ಭಾರಿ ವಿದ್ಯುತ್ ಬೇಕಲ್ಲವೇ?

ಕಾರವಾರದ ಭೌತಶಾಸ್ತ್ರ ಮಾಸ್ತರ
ಬೇಡ. ಹತ್ತು ಗ್ರಾಂ ತೂಗುವ ಅಡಿಕೆಯೊಂದನ್ನು ಒಂದು ಸೆಂಟಿಮೀಟರ್ ಎತ್ತಲು ಸುಮಾರು ಒಂದು ಮಿಲಿಜೌಲ್ ಸಾಕು. ಅದನ್ನೇ 100 ಫೆಮ್ಟೊಸೆಕೆಂಡಿನಲ್ಲಿ ಸುರಿದರೆ 1000 ಕೋಟಿ ವ್ಯಾಟ್. ನಮ್ಮ ಕೈಗಾ ಅಣು ವಿದ್ಯುತ್ ಸ್ಥಾವರದ ನಾಲ್ಕೂ ಘಟಕಗಳ ಒಟ್ಟು ಸಾಮರ್ಥ್ಯ 88 ಕೋಟಿ ವ್ಯಾಟ್. ಕಣ್ಣಿಗೆ ಬಳಸುವ ಮಿಡಿತದ ಶಕ್ತಿಯಂತೂ ಇದಕ್ಕಿಂತ ಬಹಳ ಕಡಿಮೆ. ಮಿಡಿತವನ್ನು ಮೊದಲು ಹಿಗ್ಗಿಸಿ, ವರ್ಧಿಸಿ, ಕೊನೆಗೆ ಕುಗ್ಗಿಸುವ ಉಪಾಯವನ್ನು 1985ರಲ್ಲಿ ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮುರೂ ತೋರಿಸಿದರು. 2018ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಹಿಗ್ಗಿಸದೆ ವರ್ಧಿಸಿದರೆ ವರ್ಧಕದ ಹರಳೇ ಹಾಳಾಗುತ್ತದೆ.

ಹೊನ್ನಾವರದ ಓದುಗ
ಒಂದು ತಿದ್ದುಪಡಿ: ಮಿಡಿತಗಳು ತೀರಾ ಬೇಗ ಒಂದರ ಹಿಂದೊಂದು ಬಂದರೆ ಇಲ್ಲಿಯೂ ಬಿಸಿ ಕೂಡಿಕೊಳ್ಳುತ್ತದೆ. ಶಿರಸಿಯವರ ಯಂತ್ರವನ್ನು ಫೆಮ್ಟೊಸೆಕೆಂಡಿಗೆ ಬದಲಿಸಲಾಗದು. ಆದರೆ ಗಾಳಿ ಊದುತ್ತಾ, ವೇಗ ಹೆಚ್ಚಿಸಿ, ಎರಡು ಮೂರು ಸಲ ತೆಳುವಾಗಿ ಹಾಯಿಸಿದರೆ ಕಪ್ಪು ಕಡಿಮೆಯಾದೀತು.